ಕೈತೋಟಕ್ಕೆ ಟಿಲ್ಲರ್: ಒಂದು ಗಂಟೆಯ ಕೆಲಸ

ಮನೆಯ ಪಕ್ಕದ ಖಾಲಿ ಜಾಗದಲ್ಲಿ ನಾಲ್ಕು ಮಡಿ ತರಕಾರಿ ಹಾಕಬೇಕೆಂದು ಹೊರಟವರಿಗೆ ಮೊದಲು ಎದುರಾಗುವುದು ನೆಲದ ಗಟ್ಟಿತನ. ಮನೆ ಕಟ್ಟುವಾಗ ಲಾರಿ, ಜೆಸಿಬಿ ಓಡಾಡಿ, ಜಲ್ಲಿ ಇಟ್ಟಿಗೆಯ ರಾಶಿ ಬಿದ್ದು, ಆಮೇಲೆ ಒಂದೆರಡು ಬೇಸಿಗೆಯ ಬಿಸಿಲು ತಿಂದ ಕೆಂಪು ಮಣ್ಣಿಗೆ ಪಿಕಾಸಿ ಹಾಕಿದರೆ ಠಣ್ ಎಂದು ಸದ್ದು ಬರುತ್ತದೆಯೇ ಹೊರತು ನೆಲ ಬಿಡುವುದಿಲ್ಲ. 40×60 ಅಡಿಯ ಸೈಟು ಎಂದರೆ ಸುಮಾರು 223 ಚದರ ಮೀಟರ್. ಅದನ್ನು 15 ಸೆಂಟಿಮೀಟರ್ ಆಳಕ್ಕೆ ಸಡಿಲಿಸಬೇಕಾದರೆ 33 ಘನ ಮೀಟರ್ ಮಣ್ಣನ್ನು ಅಲುಗಾಡಿಸಬೇಕು. ಘನ ಮೀಟರಿಗೆ ಒಂದೂವರೆ ಟನ್ ಎಂದು ಹಿಡಿದರೂ 50 ಟನ್ ತೂಕ! ಗುದ್ದಲಿ ಕೆಳಗಿಟ್ಟು ಟಿಲ್ಲರ್ ಕಡೆ ಕಣ್ಣು ಹಾಯಿಸುವುದು ಸಹಜ. ಸಣ್ಣ ಪೆಟ್ರೋಲ್ ಟಿಲ್ಲರುಗಳು, ಅಂದರೆ ನಮ್ಮಲ್ಲಿ ಪವರ್ ವೀಡರ್ ಎಂದು ಮಾರುವ ಯಂತ್ರಗಳು, ಈಗ ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲೂ ಸಿಗುತ್ತವೆ. ಕೊಳ್ಳುವುದೋ, ಬಾಡಿಗೆಗೆ ತರುವುದೋ, ಆಳುಸಮೇತ ಗಂಟೆ ಲೆಕ್ಕಕ್ಕೆ ಕರೆಸುವುದೋ?

ಕೈತೋಟದ ಮಟ್ಟಿಗೆ ಕರೆಸುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ದುಡ್ಡಿನ ಲೆಕ್ಕ ಹಾಗೆ ಹೇಳುತ್ತದೆ, ಅದಕ್ಕಿಂತ ಗಟ್ಟಿಯಾಗಿ ಮಣ್ಣು ಹಾಗೆ ಹೇಳುತ್ತದೆ.

ಮೊದಲು ಯಂತ್ರವನ್ನು ನೋಡೋಣ. ನೇಗಿಲಿಗೆ ಎಳೆತ ಬೇಕು. ಎಳೆಯಲು ಎತ್ತೋ ಟ್ರ್ಯಾಕ್ಟರೋ ಬೇಕು. ಟ್ರ್ಯಾಕ್ಟರಿನ ಭಾರಕ್ಕೆ ಉತ್ತ ನೆಲವೇ ಮತ್ತೆ ಗಟ್ಟಿಯಾಗುತ್ತದೆ. ಈ ತೊಡಕಿಗೆ ಉತ್ತರ ಹುಡುಕಿದವರಲ್ಲಿ ಆಸ್ಟ್ರೇಲಿಯಾದ ಆರ್ಥರ್ ಕ್ಲಿಫರ್ಡ್ ಹೊವಾರ್ಡ್ ಒಬ್ಬ. ನ್ಯೂ ಸೌತ್ ವೇಲ್ಸ್‌ನ ಗಿಲ್ಗಾಂಡ್ರಾದಲ್ಲಿದ್ದ ತಂದೆಯ ಜಮೀನಿನಲ್ಲಿ 1912ರಲ್ಲಿ ಅವನು ತಿರುಗುವ ಅಲಗುಗಳಿಂದ ಮಣ್ಣು ಕೊಚ್ಚುವ ಪ್ರಯೋಗ ಆರಂಭಿಸಿದ. ಮೊದಲಿನ ಅಲಗುಗಳು ಮಣ್ಣನ್ನು ಪಕ್ಕಕ್ಕೆ ಎರಚಿದವು. ತುದಿ ಬಾಗಿದ ‘ಎಲ್’ ಆಕಾರದ ಅಲಗು ಜೋಡಿಸಿದ ಮೇಲೆ ಮಣ್ಣು ಇದ್ದಲ್ಲೇ ಸಡಿಲಗೊಂಡಿತು. 1920ರಲ್ಲಿ ಪೇಟೆಂಟ್ ಸಿಕ್ಕಿತು. ಇಂದಿನ ರೋಟಾವೇಟರಿನ ಅಲಗೂ ಹೆಚ್ಚುಕಡಿಮೆ ಅದೇ. ನಮ್ಮ ಗದ್ದೆಗಳಿಗೆ ಪವರ್ ಟಿಲ್ಲರ್ ಬಂದದ್ದು ಜಪಾನಿನ ದಾರಿಯಿಂದ. ಬೆಂಗಳೂರಿನ ವಿಎಸ್‌ಟಿ ಕಂಪನಿ ಮಿತ್ಸುಬಿಷಿ ಜೊತೆಗೂಡಿ 1967ರಲ್ಲಿ ಈ ದಾರಿಗೆ ಇಳಿಯಿತು. ಮಲೆನಾಡಿನಲ್ಲಿ ಟ್ರೇಲರ್ ಕಟ್ಟಿಕೊಂಡು ಅಡಿಕೆ, ಗೊಬ್ಬರ ಸಾಗಿಸುವ ಟಿಲ್ಲರುಗಳು ಆ ಜಾತಿಯವು. ಮನೆಯಂಗಳದ ಮಡಿಗೆ ಅವು ತೀರಾ ದೊಡ್ಡವು, ತಿರುಗಿಸಲೇ ಜಾಗ ಸಾಲದು.

ಕೈತೋಟಕ್ಕೆ ಬರುವ ಸಣ್ಣ ಟಿಲ್ಲರಿನಲ್ಲಿ ಚಕ್ರದ ಕೆಲಸವನ್ನೂ ಅಲಗುಗಳೇ ಮಾಡುತ್ತವೆ. ಅಲಗುಗಳು ತಿರುಗುವ ವೃತ್ತದ ವ್ಯಾಸ 30 ಸೆಂಟಿಮೀಟರ್, ತಿರುಗುವುದು ಸೆಕೆಂಡಿಗೆ ಎರಡು ಸುತ್ತು ಎಂದುಕೊಳ್ಳಿ. ಆಗ ಅಲಗಿನ ತುದಿ ಸೆಕೆಂಡಿಗೆ ಸುಮಾರು 1.9 ಮೀಟರ್ ವೇಗದಲ್ಲಿರುತ್ತದೆ. ನಾವು ಅದರ ಹಿಂದೆ ನಡೆಯಬೇಕಾದದ್ದು ಸೆಕೆಂಡಿಗೆ 0.3 ಮೀಟರ್. ಒಣಗಿ ಕಲ್ಲಾದ ನೆಲದಲ್ಲಿ ಅಲಗು ಕಚ್ಚುವುದಿಲ್ಲ, ಚಕ್ರದಂತೆ ಉರುಳುತ್ತದೆ. ಯಂತ್ರ ಹಿಡಿದವನನ್ನೂ ಎಳೆದುಕೊಂಡು ಮುಂದಕ್ಕೆ ನೆಗೆಯುತ್ತದೆ. ಹಿಂದುಗಡೆ ನೆಲಕ್ಕೆ ಊರುವ ಕಬ್ಬಿಣದ ಪಟ್ಟಿಯೊಂದು ಇರುತ್ತದಲ್ಲ, ಅದರ ಕೆಲಸವೇ ಈ ಓಟವನ್ನು ತಡೆಯುವುದು. ಹಿಡಿಕೆ ಒತ್ತಿದರೆ ಪಟ್ಟಿ ನೆಲಕ್ಕಿಳಿದು ಯಂತ್ರ ನಿಧಾನವಾಗುತ್ತದೆ, ಅಲಗು ಆಳಕ್ಕೆ ಹೋಗುತ್ತದೆ. ಎತ್ತಿದರೆ ಮುಂದೆ ಸಾಗುತ್ತದೆ. ತೋಳಿನ ಬಲಕ್ಕಿಂತ ಇದರ ಹಿಡಿತ ಗೊತ್ತಿರಬೇಕು.

ಒಂದು ಸಾಲಿನಲ್ಲಿ ಎರಡು ಅಲಗುಗಳಿದ್ದರೆ ಈ ವೇಗದಲ್ಲಿ ಪ್ರತಿ ಅಲಗೂ ಏಳೂವರೆ ಸೆಂಟಿಮೀಟರ್ ದಪ್ಪದ ಮಣ್ಣಿನ ಹೋಳು ಕತ್ತರಿಸುತ್ತದೆ. ಅರ್ಧ ವೇಗದಲ್ಲಿ ನಡೆದರೆ ಹೋಳೂ ಅರ್ಧವಾಗುತ್ತದೆ. ಅದೇ ಜಾಗದಲ್ಲಿ ಮೂರು ನಾಲ್ಕು ಸಲ ಓಡಿಸಿದರೆ ಹೆಂಟೆಯೆಲ್ಲ ಪುಡಿಯಾಗಿ, ಕಾಲಿಟ್ಟರೆ ಹೂತುಹೋಗುವಷ್ಟು ಮೆತ್ತಗಾಗುತ್ತದೆ. ನೋಡಲು ಬಲು ಚೆಂದ. ಮಣ್ಣಿಗೆ ಮಾತ್ರ ದೊಡ್ಡ ಪೆಟ್ಟು ಬಿದ್ದಿರುತ್ತದೆ.

ಒಳ್ಳೆಯ ಮಣ್ಣಿನ ಒಂದು ಚೂರನ್ನು ಅಂಗೈ ಮೇಲಿಟ್ಟು ಬಿಸಿಲಿಗೆ ಹಿಡಿದು ನೋಡಿ. ಅದು ಹುಡಿಯೂ ಅಲ್ಲ, ಉಂಡೆಯೂ ಅಲ್ಲ. ರಾಗಿ ಕಾಳಿನಿಂದ ಕಡಲೆ ಕಾಳಿನ ಗಾತ್ರದವರೆಗಿನ ಹರಳುಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ಜೇಡಿಯ ಕಣ, ಮರಳು, ಕೊಳೆತ ಎಲೆಯ ಚೂರು ಇವನ್ನೆಲ್ಲ ಬೇರಿನ ಲೋಳೆ, ಬ್ಯಾಕ್ಟೀರಿಯಾದ ಅಂಟು, ಶಿಲೀಂಧ್ರದ ಎಳೆಗಳು ಸೇರಿ ಹಿಡಿದಿಟ್ಟಿರುತ್ತವೆ. ಹರಳುಗಳ ನಡುವಿನ ದೊಡ್ಡ ಸಂದಿಗಳಲ್ಲಿ ಗಾಳಿ, ಹರಳಿನ ಒಳಗಿನ ಸಣ್ಣ ರಂಧ್ರಗಳಲ್ಲಿ ನೀರು. ಬೇರುಗಳೊಂದಿಗೆ ಬಾಳಿ ಗಿಡಕ್ಕೆ ರಂಜಕ ಒದಗಿಸುವ ಮೈಕೋರೈಜಾ ಶಿಲೀಂಧ್ರಗಳ ಬಗ್ಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಬಾಗ್ಯರಾಜ್ ದಶಕಗಳ ಕಾಲ ಸಂಶೋಧನೆ ನಡೆಸಿದ್ದಾರೆ. ಆ ಶಿಲೀಂಧ್ರದ ಜಾಲವನ್ನು ಟಿಲ್ಲರ್ ಪ್ರತಿ ಸುತ್ತಿನಲ್ಲೂ ಕತ್ತರಿಸುತ್ತದೆ. ಹರಳು ಒಡೆದಾಗ ಅದರೊಳಗೆ ಅಡಗಿದ್ದ ಸಾವಯವ ಅಂಶ ಗಾಳಿಗೆ ತೆರೆದುಕೊಳ್ಳುತ್ತದೆ, ಸೂಕ್ಷ್ಮಜೀವಿಗಳು ಅದನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಅಮೆರಿಕದ ಮಿನೆಸೋಟಾದಲ್ಲಿ ಡೊನಾಲ್ಡ್ ರೈಕಾಸ್ಕಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದನ್ನು ಹೊಲದಲ್ಲೇ ಅಳೆದರು. ಆಳವಾಗಿ ಉತ್ತ 19 ದಿನಗಳಲ್ಲಿ ಹೊರಬಿದ್ದ ಇಂಗಾಲ, ಆ ಹೊಲದಲ್ಲಿ ಉಳಿದಿದ್ದ ಗೋಧಿ ಹುಲ್ಲಿನಲ್ಲಿದ್ದ ಇಂಗಾಲಕ್ಕಿಂತಲೂ ಹೆಚ್ಚಿತ್ತು. ಅದು ಚಳಿ ಸೀಮೆ. ನಮ್ಮ ಬಿಸಿಲಿನಲ್ಲಿ ಸೂಕ್ಷ್ಮಜೀವಿಗಳ ಹಸಿವು ಇನ್ನೂ ಜೋರು.

ಪುಡಿಯಾದ ಕೆಂಪು ಮಣ್ಣಿನ ಮೇಲೆ ಒಂದು ಜೋರು ಮಳೆ ಬಿದ್ದರೆ ನುಣ್ಣನೆಯ ಕಣಗಳು ಸಂದಿಗಳನ್ನು ಮುಚ್ಚಿ, ಒಣಗಿದ ಮೇಲೆ ಹಪ್ಪಳಗಟ್ಟುತ್ತವೆ. ಕ್ಯಾರೆಟ್, ಕೊತ್ತಂಬರಿಯ ಮೊಳಕೆ ಆ ಪದರ ಸೀಳಲಾರದೆ ಒಳಗೇ ಸಾಯುತ್ತದೆ. ಟಿಲ್ಲರ್ ಹೊಡೆಸಿದ ಮೇಲೂ ನೆಲ ಗಟ್ಟಿಯಾಯಿತು ಎಂದು ಮತ್ತೆ ಟಿಲ್ಲರ್ ಹೊಡೆಸುವವರು ಈ ಸುಳಿಯಲ್ಲೇ ಸಿಕ್ಕಿರುತ್ತಾರೆ.

ಕಳೆಯ ಕತೆ ಇನ್ನೂ ಸೋಜಿಗದ್ದು. ಅಮೆರಿಕದ ಸಸ್ಯವಿಜ್ಞಾನಿ ವಿಲಿಯಂ ಬೀಲ್ 1879ರಲ್ಲಿ ಕಳೆ ಬೀಜಗಳನ್ನು 20 ಬಾಟಲಿಗಳಲ್ಲಿ ತುಂಬಿ ಮಿಷಿಗನ್‌ನಲ್ಲಿ ಹೂತಿಟ್ಟ. ಅವುಗಳಲ್ಲೊಂದನ್ನು 2021ರಲ್ಲಿ ತೆಗೆದಾಗ 141 ವರ್ಷದ ಬಳಿಕವೂ ಕೆಲವು ಬೀಜ ಮೊಳೆತವು. ವಿಜ್ಞಾನಿಗಳು ಅದನ್ನು ಅಗೆದದ್ದು ನಸುಕಿಗೂ ಮುಂಚಿನ ಕತ್ತಲಲ್ಲಿ. ಎಷ್ಟೋ ಕಳೆ ಬೀಜಗಳಿಗೆ ಎಚ್ಚರವಾಗಲು ಬೆಳಕಿನ ಒಂದು ಕ್ಷಣದ ಸ್ಪರ್ಶ ಸಾಕು. ಬೀಜದೊಳಗಿನ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಕೆಂಪು ಬೆಳಕು ಬಿದ್ದೊಡನೆ ಮೊಳೆಯುವ ಸಂಕೇತ ಕೊಡುತ್ತದೆ. ಟಿಲ್ಲರ್ ಮಾಡುವುದೂ ಅದನ್ನೇ: ವರ್ಷಗಟ್ಟಲೆ ಆಳದಲ್ಲಿ ಮಲಗಿದ್ದ ಬೀಜಗಳನ್ನು ಮೇಲೆ ತಂದು ಬೆಳಕು ತೋರಿಸುತ್ತದೆ. ಗರಿಕೆ, ಜೇಕು ಇದ್ದರಂತೂ ಕೇಳುವುದೇ ಬೇಡ. ಗರಿಕೆಯ ಪ್ರತಿ ಗೆಣ್ಣಿನ ತುಂಡೂ ಒಂದು ಗಿಡವಾಗುತ್ತದೆ, ಜೇಕಿನ ಗಡ್ಡೆಗಳು ಸರದಿಂದ ಬಿಡಿಸಿಕೊಂಡು ಎಲ್ಲ ಮಡಿಗೂ ಹರಡುತ್ತವೆ. ಇವೆರಡೂ ಇರುವ ಜಾಗದಲ್ಲಿ ಮೊದಲು ಕೈಯಿಂದ ಅಗೆದು ಆರಿಸದೆ ಯಂತ್ರ ಇಳಿಸಲೇಬಾರದು.

ಹಾಗಿದ್ದರೆ ಟಿಲ್ಲರ್ ಬೇಡವೇ? ಲಾರಿ ತುಳಿದ ನೆಲವನ್ನು ಮೊದಲ ಸಲ ಬಿಡಿಸಲು, ಅದರೊಳಗೆ ಗೊಬ್ಬರ ಬೆರೆಸಲು ಖಂಡಿತ ಬೇಕು. ಅಲ್ಲಿ ಕಳೆದುಕೊಳ್ಳಲು ಒಳ್ಳೆಯ ಹರಳುಗಳೇ ಉಳಿದಿರುವುದಿಲ್ಲ. 60 ಸೆಂಟಿಮೀಟರ್ ಅಗಲದ ಟಿಲ್ಲರ್ ಸೆಕೆಂಡಿಗೆ 0.3 ಮೀಟರ್ ಸಾಗಿದರೆ ಆ ಇಡೀ ಸೈಟಿಗೆ 20 ನಿಮಿಷ. ತಿರುಗಿಸುವುದು, ಸಿಕ್ಕಿಕೊಂಡದ್ದನ್ನು ಬಿಡಿಸುವುದು ಸೇರಿದರೆ ಒಂದು ಗಂಟೆ. ಆ ಒಂದು ಗಂಟೆಗಾಗಿ ಯಂತ್ರ ಕೊಂಡರೆ ವರ್ಷದ ಉಳಿದ ದಿನವೆಲ್ಲ ಅದು ಶೆಡ್ಡಿನಲ್ಲಿರುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ, ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ತೂತುಗಳನ್ನು ಕಟ್ಟುತ್ತದೆ. ಬೇಕಾದ ದಿನ ಹಗ್ಗ ಎಳೆದು ಎಳೆದು ಭುಜ ನೋಯುತ್ತದೆಯೇ ಹೊರತು ಎಂಜಿನ್ ಕೆಮ್ಮುವುದೂ ಇಲ್ಲ. ಅರ್ಧ ಎಕರೆ ತೆಂಗು, ಅಡಿಕೆ, ಬಾಳೆಯ ಸಾಲುಗಳ ನಡುವೆ ಮತ್ತೆ ಮತ್ತೆ ಕಳೆ ತೆಗೆಯುವವರ ಮಾತು ಬೇರೆ, ಅವರಿಗೆ ಸ್ವಂತ ಯಂತ್ರ ಲಾಭವೇ.

ಬಾಡಿಗೆಗೆ ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ವಿಚಾರಿಸಬಹುದು. ಅವು ಮುಖ್ಯವಾಗಿ ರೈತರಿಗೆಂದೇ ಇರುವವು. ಊರಂಚಿನ ಹಳ್ಳಿಗಳಲ್ಲಿ ಪವರ್ ವೀಡರ್ ಇಟ್ಟುಕೊಂಡು ಗಂಟೆ ಲೆಕ್ಕಕ್ಕೆ ಬರುವವರೂ ಇದ್ದಾರೆ. ಯಂತ್ರ ಮಾತ್ರ ತರುವುದಕ್ಕಿಂತ ಓಡಿಸುವವರ ಸಮೇತ ಕರೆಸಿ. ಅವರಿಗೆ ಮೊದಲೇ ಹೇಳಿ: ‘ಅಣ್ಣ, ನುಣ್ಣಗೆ ಮಾಡ್ಬೇಡಿ, ಹೆಂಟೆ ಉಳೀಲಿ, ಒಂದೇ ಸಲ ಹೊಡೀರಿ.’ ಯಂತ್ರ ಗಾಡಿಯಿಂದ ಇಳಿಯುವ ಮುಂಚೆ ಅಲಗುಗಳನ್ನು ಪೈಪಿನ ನೀರಿನಲ್ಲಿ ತೊಳೆಸಿ, ಇದನ್ನು ಹೇಳಲು ಸಂಕೋಚ ಬೇಡ. ಹಿಂದಿನ ಹೊಲದ ಮಣ್ಣಿನ ಮುದ್ದೆಯೊಳಗೆ ಜೇಕಿನ ಗಡ್ಡೆ, ಬೇರುಗಂಟಿನ ಜಂತು, ಟೊಮೇಟೊ ಗಿಡವನ್ನು ಹಸಿರಿದ್ದಂತೆಯೇ ಬಾಡಿಸುವ ಬ್ಯಾಕ್ಟೀರಿಯಾ ಇವೆಲ್ಲ ಬರಬಹುದು. ಹಿಂದಿನ ದಿನವೇ ಜಾಗ ಸುತ್ತಿ ಸರಳಿನ ತುಂಡು, ಗೋಣಿದಾರ, ಬೈಂಡಿಂಗ್ ವೈರ್ ಆರಿಸಿಡಿ. ಒಂದು ಮಾರು ವೈರು ಸಾಕು ಅಲಗಿನ ಬುಡಕ್ಕೆ ಸುತ್ತಿಕೊಂಡು ಆಯಿಲ್ ಸೀಲ್ ಹರಿಯಲು. ನೀರಿನ ಪೈಪು, ಅರ್ಥಿಂಗ್ ತಂತಿ ಎಲ್ಲಿ ಹಾದಿದೆ ಎಂದು ಗೂಟ ನೆಟ್ಟು ಗುರುತಿಡಿ.

ದಿನ ಗೊತ್ತುಮಾಡುವುದು ಮಣ್ಣಿನ ಹದ ನೋಡಿಕೊಂಡು. ಸ್ವೀಡನ್ನಿನ ರಸಾಯನವಿಜ್ಞಾನಿ ಆಲ್ಬರ್ಟ್ ಆಟರ್‌ಬರ್ಗ್ 1911ರಲ್ಲಿ ತಿಳಿಸಿದ ಸರಳ ಪರೀಕ್ಷೆಯನ್ನು ಎಂಜಿನಿಯರುಗಳು ಇಂದಿಗೂ ಬಳಸುತ್ತಾರೆ. ಒಂದು ಗೇಣು ಆಳದ ಮಣ್ಣು ತೆಗೆದು ಅಂಗೈಯಲ್ಲಿ ಹೊಸೆಯಿರಿ. 3 ಮಿಲಿಮೀಟರ್ ದಪ್ಪಕ್ಕೆ ಬರುವವರೆಗೂ ಎಳೆ ತುಂಡಾಗದಿದ್ದರೆ ಮಣ್ಣು ಇನ್ನೂ ಹಸಿ. ಆಗ ಟಿಲ್ಲರ್ ಇಳಿಸಿದರೆ ಅಲಗು ಕತ್ತರಿಸುವ ಬದಲು ಮೆತ್ತುತ್ತದೆ, ಅಲಗಿನ ತಳ ಸವರಿದ ಆಳದಲ್ಲಿ ನೀರೂ ಬೇರೂ ಇಳಿಯದ ಪದರವಾಗುತ್ತದೆ. ಆ ದಪ್ಪಕ್ಕೆ ಬರುವ ಮುಂಚೆಯೇ ಎಳೆ ಮುರಿದು ಉದುರಿದರೆ ಹದ ಬಂದಿದೆ. ಭರಣಿ ಮಳೆ ಬಿದ್ದ ಎರಡು ಮೂರು ದಿನಕ್ಕೆ ಕೆಂಪು ಮಣ್ಣಿನಲ್ಲಿ ಸಾಮಾನ್ಯವಾಗಿ ಈ ಹದ ಬರುತ್ತದೆ. ಧಾರವಾಡ, ವಿಜಯಪುರದ ಎರೆ ಮಣ್ಣು ತಡವಾಗಿ ಹದಕ್ಕೆ ಬಂದು ಬೇಗ ಕೈತಪ್ಪುತ್ತದೆ. ಆದರೆ ಅದು ಬೇಸಿಗೆಯಲ್ಲಿ ತಾನೇ ಬಿರಿದು ಒಳಗಿನಿಂದ ಸಡಿಲಗೊಳ್ಳುವುದರಿಂದ ಅಲ್ಲಿ ಟಿಲ್ಲರಿನ ಅಗತ್ಯವೂ ಕಡಿಮೆ.

ಯಂತ್ರ ಹೋದ ದಿನವೇ ನಾಲ್ಕು ಅಡಿ ಅಗಲದ ಮಡಿ, ನಡುವೆ ಓಡಾಡುವ ದಾರಿ ಮಾಡಿ, ಮಡಿಯ ಮೇಲೆ ಮತ್ತೆ ಕಾಲಿಡಬೇಡಿ. ಎರಡು ಮೂರು ಬೆರಳು ದಪ್ಪ ಕೊಟ್ಟಿಗೆ ಗೊಬ್ಬರ, ಅದರ ಮೇಲೆ ತರಗೆಲೆಯ ಹೊದಿಕೆ ಹಾಕಿದರೆ ಎರೆಹುಳು ಬರುತ್ತದೆ. ಇಂಗ್ಲೆಂಡಿನ ನೆಲದಲ್ಲಿ ಎಕರೆಗೆ ವರ್ಷಕ್ಕೆ 10 ಟನ್ನಿಗೂ ಹೆಚ್ಚು ಮಣ್ಣನ್ನು ಅವು ಮೇಲೆ ತರುತ್ತವೆ ಎಂದು ಡಾರ್ವಿನ್ 1881ರಲ್ಲೇ ಲೆಕ್ಕ ಹಾಕಿದ್ದ. ಹರಳು ಒಡೆಯದೆ ನೆಲ ಸಡಿಲಿಸುವ ಕೆಲಸ ಅದು.

ಮುಂದಿನ ವರ್ಷ ಟಿಲ್ಲರಿಗೆ ಫೋನ್ ಮಾಡುವ ಮುನ್ನ 8 ಮಿಲಿಮೀಟರಿನ ಕಬ್ಬಿಣದ ಸರಳೊಂದನ್ನು ತೇವವಿರುವ ಮಡಿಗೆ ಚುಚ್ಚಿ ನೋಡಿ. ಬಹುತೇಕ ಬೆಳೆಗಳ ಬೇರು ಸುಮಾರು 2 ಮೆಗಾಪ್ಯಾಸ್ಕಲ್ ಪ್ರತಿರೋಧದ ಆಚೆಗೆ ಮುಂದೆ ಹೋಗಲಾರದು. ಈ ಸರಳಿನ ತುದಿಗೆ ಅದು ಹತ್ತು ಕಿಲೋ ಭಾರದ ಒತ್ತಡ, ಒಂದು ಕೈಯಲ್ಲಿ ಊರಿದಷ್ಟು. ಅಷ್ಟಕ್ಕೇ ಸರಳು ಒಂದು ಗೇಣು ಇಳಿದರೆ ಬೇರೂ ಇಳಿಯುತ್ತದೆ, ಫೋನ್ ಬೇಕಿಲ್ಲ. ಎಲ್ಲೋ ಒಂದು ಮಡಿಯಲ್ಲಿ ಸರಳು ತಡೆದು ನಿಂತರೆ ಅಲ್ಲಿ ಮಾತ್ರ ಹಾರೆಯಿಂದ ಮೀಟಿ, ಮಣ್ಣು ಮಗುಚದೆ ಬಿಟ್ಟುಬಿಡಿ.