ದೋಣಿ ಹಿಂದಿನ ತೂತು

ಮಿನ್ನೆಸೋಟಾದಲ್ಲಿ ಬೋಟು ಇಟ್ಟುಕೊಳ್ಳುವುದು ಶ್ರೀಮಂತರ ಚಟವೇನಲ್ಲ. ಹತ್ತು ಸಾವಿರ ಕೆರೆಗಳ ನಾಡು ಅಂತ ಕಾರಿನ ನಂಬರ್ ಪ್ಲೇಟಿನ ಮೇಲೇ ಬರೆದುಕೊಂಡ ರಾಜ್ಯ ಇದು. ಮಿನಿಯಾಪೊಲಿಸ್‌ನ ಪಶ್ಚಿಮಕ್ಕಿರುವ ಮಿನ್ನೆಟೊಂಕಾ ಕೆರೆಯ ಕಡೆ ಮೇಸ್ಟ್ರು, ನರ್ಸು, ಪ್ಲಂಬರು ಎಲ್ಲರ ಮನೆ ಮುಂದೆಯೂ ಒಂದು ಟ್ರೇಲರ್ ನಿಂತಿರುತ್ತದೆ. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಓದಿ ಬಂದ ನಾನು ಇಲ್ಲಿ ಹೊಟ್ಟೆಪಾಡಿಗೆ ಹೈಡ್ರಾಲಿಕ್ ಸಿಲಿಂಡರಿನ ಸೀಲುಗಳ ವಿನ್ಯಾಸ ಮಾಡಿದವನು. ಹಾಗಾಗಿ ಬೋಟಿಗೆ ನೀರು ಬರುತ್ತಿದೆ ಅಂತ ಬೀದಿಯವರು ನನ್ನ ಗ್ಯಾರೇಜಿಗೆ ಬರುತ್ತಾರೆ. ಸ್ಪ್ಯಾನರ್ ಮುಟ್ಟುವ ಮೊದಲು ನಾನು ಕೇಳುವುದು ಒಂದೇ: ನೀರು ಸೇರುತ್ತಿರುವುದು ಬೋಟಿನೊಳಗೋ, ಗೇರ್ ಎಣ್ಣೆಯೊಳಗೋ? ಇವೆರಡು ಬೇರೆ ಬೇರೆ ಕಾಯಿಲೆ. ಒಂದಕ್ಕೆ ಕೊಡುವ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ.

ನಾನು ಹೇಳುತ್ತಿರುವುದು ಸ್ಟರ್ನ್‌ಡ್ರೈವ್ ಬೋಟುಗಳ ಮಾತು. ಸ್ಟರ್ನ್‌ಡ್ರೈವ್ ಅಂದರೆ ಎಂಜಿನ್ ಬೋಟಿನ ಒಳಗೆ, ಗೇರು ಮತ್ತು ಪ್ರೊಪೆಲ್ಲರ್ ಹೊರಗೆ. ಸ್ವೀಡನ್ನಿನ ವೋಲ್ವೋ ಪೆಂಟಾ 1959ರ ನ್ಯೂಯಾರ್ಕ್ ಬೋಟ್ ಶೋದಲ್ಲಿ ಅಕ್ವಾಮ್ಯಾಟಿಕ್ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಅದರ ಹಿಂದಿದ್ದ ತಲೆ ಜಿಮ್ ವಿನ್ ಎಂಬ ಅಮೆರಿಕನ್ ಎಂಜಿನಿಯರನದು. 1961ರಲ್ಲಿ ಮರ್‌ಕ್ರೂಸರ್ ಬಂತು. ಕಾರಿನ ಎಂಜಿನ್ನನ್ನೇ ಬೋಟಿಗೆ ಹಾಕಬಹುದು, ದಡ ಬಂದಾಗ ಪ್ರೊಪೆಲ್ಲರ್ ಮೇಲೆತ್ತಬಹುದು, ಎರಡೂ ಅನುಕೂಲವೇ. ಅದಕ್ಕೆ ತೆತ್ತ ಬೆಲೆಯೆಂದರೆ ಟ್ರಾನ್ಸಮ್ ಎನ್ನುವ ಹಿಂಬದಿಯ ಗೋಡೆಯಲ್ಲಿ ನೀರಿನ ಮಟ್ಟದ ಹತ್ತಿರ ಕೊರೆದ ದೊಡ್ಡದೊಂದು ತೂತು. ಎಂಜಿನ್ನಿನ ಶಾಫ್ಟು ಆ ತೂತಿನೊಳಗೆ ಗಿಂಬಲ್ ಬೇರಿಂಗ್ ಹಾದು ಹೊರಗೆ ಹೋಗುತ್ತದೆ. ಹೊರಗಿನ ಡ್ರೈವು ಎಡಕ್ಕೆ ಬಲಕ್ಕೆ ತಿರುಗಬೇಕು, ಮೇಲೆ ಕೆಳಗೆ ಏಳಬೇಕು, ಆದ್ದರಿಂದ ನಡುವಿನ ಶಾಫ್ಟಿಗೆ ಯು-ಜಾಯಿಂಟು, ಅದರ ಸುತ್ತ ನೀರು ತಡೆಯಲು ಮಡಿಕೆ ಮಡಿಕೆಯ ರಬ್ಬರ್ ಬೆಲೋಸ್. ಬೋಟು ತೇಲುತ್ತಿರುವುದು ಆ ರಬ್ಬರಿನ ದಯೆಯಿಂದ.

ಬೆಲೋಸ್ ಒಂದೇ ಅಲ್ಲ. ಬಹಳಷ್ಟು ಡ್ರೈವುಗಳಲ್ಲಿ ಹೊಗೆ ಹೋಗಲು ಇನ್ನೊಂದಿರುತ್ತದೆ. ಅದು ಹರಿದರೆ ಸದ್ದು ಹೆಚ್ಚಾದೀತು, ಬೋಟು ಮುಳುಗದು. ಜನ ಮರೆಯುವುದು ಮೂರನೆಯದನ್ನು, ಗೇರ್ ಹಾಕುವ ಕೇಬಲ್ಲಿನ ಸುತ್ತ ಇರುವ ಹೆಬ್ಬೆರಳು ದಪ್ಪದ ಪುಟ್ಟ ಬೆಲೋಸನ್ನು. ಇಷ್ಟು ಸಣ್ಣದು ಏನು ಮಾಡೀತು ಅನ್ನಬೇಡಿ. ನೀರಿನ ಮಟ್ಟದಿಂದ ಒಂದಡಿ ಕೆಳಗೆ ಒಂದಂಗುಲದ ತೂತಿದ್ದರೆ ನಿಮಿಷಕ್ಕೆ 40 ಲೀಟರಿಗೂ ಮಿಕ್ಕಿ ನೀರು ಒಳಗೆ ಬರುತ್ತದೆ. ತಳದ ನೀರನ್ನು ಹೊರಹಾಕುವ ಬಿಲ್ಜ್ ಪಂಪು ಓಡುತ್ತಿರುವಷ್ಟು ಹೊತ್ತು ಯಾರಿಗೂ ತಿಳಿಯುವುದಿಲ್ಲ. ಬ್ಯಾಟರಿ ಸತ್ತ ರಾತ್ರಿ ಬೋಟು ಕಟ್ಟಿದ ಜಾಗದಲ್ಲೇ ತಳ ಸೇರುತ್ತದೆ.

ಇನ್ನು ಮಸ್ಕ್‌ರ್‍ಯಾಟ್. ಹೆಗ್ಗಣದಂತಿರುವ ಈ ನೀರುಪ್ರಾಣಿಗೆ ಬೆಲೋಸಿನ ರಬ್ಬರ್ ಕಡಿಯುವುದರಲ್ಲಿ ಅದೇನು ಸುಖವೋ! ಉತ್ತರದ ಕೆರೆಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಪೀಡೆ. ವಯಸ್ಸಾಗಿ ಸೀಳಿದ ರಬ್ಬರಿನಲ್ಲಿ ಬಿರುಕು ಮಡಿಕೆಯ ಆಳದಲ್ಲಿರುತ್ತದೆ, ಮಡಿಕೆ ಬಿಡಿಸಿ ಟಾರ್ಚು ಹಾಕಿದರೆ ಮಾತ್ರ ಕಾಣುತ್ತದೆ. ಕಡಿದದ್ದಾದರೆ ಹಲ್ಲಿನ ಗುರುತು ಮೇಲೆಯೇ ಇರುತ್ತದೆ.

ಬೋಟಿನೊಳಗೆ ನೀರು ಬರುತ್ತಿದೆ ಅಂದುಕೊಳ್ಳೋಣ. ಯಾವಾಗ ಬರುತ್ತದೆ ಎಂಬುದರಲ್ಲಿ ಅರ್ಧ ಉತ್ತರವಿದೆ. ತಳವನ್ನು ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಎಂಜಿನ್ ಹಚ್ಚದೆ, ಡ್ರೈವ್ ಕೆಳಗಿಳಿಸಿ ಬೋಟನ್ನು ನೀರಿನಲ್ಲಿ ಸುಮ್ಮನೆ ಬಿಡಿ. ಆಗಲೂ ನೀರು ಬಂತೆಂದರೆ ಅನುಮಾನ ಬೆಲೋಸ್, ಟ್ರಾನ್ಸಮ್ ಸೀಲು, ಡ್ರೇನ್ ಪ್ಲಗ್ಗುಗಳ ಮೇಲೆ. ಪ್ಲಗ್ಗಿನ ಮಾತು ತಮಾಷೆಗೆ ಹೇಳಿದ್ದಲ್ಲ. ಝೀಬ್ರಾ ಮಸಲ್ ಎಂಬ ಚಿಪ್ಪುಜೀವಿ ಕೆರೆಯಿಂದ ಕೆರೆಗೆ ಹರಡದಿರಲೆಂದು ಇಲ್ಲಿನ ಕಾನೂನಿನಂತೆ ರಸ್ತೆಯಲ್ಲಿ ಬೋಟು ಎಳೆಯುವಾಗ ಪ್ಲಗ್ ತೆಗೆದಿರಲೇಬೇಕು. ತೆಗೆದದ್ದನ್ನು ಮತ್ತೆ ಹಾಕಲು ಮರೆತು ಬೋಟಿಳಿಸುವವರು ಪ್ರತಿ ಬೇಸಿಗೆಯಲ್ಲೂ ಸಿಗುತ್ತಾರೆ.

ಓಡಿಸಿದಾಗ ಮಾತ್ರ ನೀರು ಬರುತ್ತದೆ ಅಂದರೆ ವಿಷಯ ಸೂಕ್ಷ್ಮ. ಪಕ್ಕದ ಬೀದಿಯವರೊಬ್ಬರು ಒಂದು ವರ್ಕ್‌ಶಾಪಿನಲ್ಲಿ ದೊಡ್ಡ ಬಿಲ್ಲು ತೆತ್ತು ಬೆಲೋಸ್ ಎಲ್ಲ ಬದಲಾಯಿಸಿಕೊಂಡು ಬಂದಿದ್ದರು. ನೀರು ನಿಂತಿರಲಿಲ್ಲ. ರಾತ್ರಿಯಿಡೀ ಕಟ್ಟಿದ ಬೋಟು ಬೆಳಿಗ್ಗೆ ಒಣಗಿಯೇ ಇರುತ್ತಿತ್ತು, ಒಂದು ಸುತ್ತು ಹೋಗಿಬಂದರೆ ತಳದಲ್ಲಿ ನಾಲ್ಕು ಬೆರಳು ನೀರು. ಡ್ರೈವು ತಿರುಗಿದಾಗ ಮಾತ್ರ ಬಾಯಿ ಬಿಡುವ ಬಿರುಕೂ ಇರಬಹುದು, ಹಾಗಾಗಿ ಬೆಲೋಸನ್ನು ಕೂಡಲೇ ಬಿಟ್ಟುಕೊಡುವಂತಿರಲಿಲ್ಲ. ಬೋಟನ್ನು ಟ್ರೇಲರ್ ಮೇಲೆಯೇ ಇಟ್ಟು, ಡ್ರೈವು ನೀರು ಹೀರುವ ಕಿಂಡಿಗಳಿಗೆ ತೋಟದ ಪೈಪಿನ ರಬ್ಬರ್ ಮಫ್ ಕಚ್ಚಿಸಿ ಎಂಜಿನ್ ಹಚ್ಚಿಸಿದೆ. ಪ್ರೊಪೆಲ್ಲರ್ ಹತ್ತಿರ ಯಾರೂ ನಿಲ್ಲಬಾರದು, ಮುಚ್ಚಿದ ಗ್ಯಾರೇಜಿನಲ್ಲಿ ಇದನ್ನು ಮಾಡಲೇಬಾರದು. ಸುತ್ತ ಕೆರೆಯೇ ಇಲ್ಲ. ಹಾಗಿದ್ದೂ ತಳ ಒದ್ದೆಯಾದರೆ ಅದು ಎಂಜಿನ್ ತಣಿಸುವ ನೀರೇ ಆಗಬೇಕು. ಜೋಡಣೆಗಳಿಗೆ ಒಣ ಟಿಶ್ಯೂ ಸುತ್ತಿದೆವು. ಟ್ರಾನ್ಸಮ್ಮಿನಿಂದ ಒಳಬರುವ ನೀರಿನ ಹೋಸಿನ ಬುಡದಲ್ಲಿ, ಕೈ ಹೋಗದ ಮೂಲೆಯಲ್ಲಿ, ತುಕ್ಕು ಹಿಡಿದು ಸಡಿಲವಾದ ಒಂದು ಕ್ಲ್ಯಾಂಪು. ಅಷ್ಟೇ.

ತಿರುಗಿಸಿ ಪರೀಕ್ಷಿಸುವ ಉಪಾಯವೂ ಇದೆ: ಟ್ರೇಲರ್ ಮೇಲಿರುವ ಬೋಟಿನ ತಳಕ್ಕೇ ನೀರು ಬಿಟ್ಟು ಹೊರಗೆ ಎಲ್ಲಿ ತೊಟ್ಟಿಕ್ಕುತ್ತದೆ ನೋಡುವುದು. ಪ್ಲಗ್ ಮತ್ತು ತಳದ ಸ್ಕ್ರೂಗಳಿಗೆ ಒಳ್ಳೆಯದು. 200 ಲೀಟರ್ ಅಂದರೆ ಟ್ರೇಲರಿಗೆ 200 ಕಿಲೋ ಹೆಚ್ಚು ಭಾರ, ಅದು ನೆನಪಿರಲಿ. ನೀರನ್ನು ಗಿಂಬಲ್ ಬೇರಿಂಗಿನ ಎತ್ತರಕ್ಕೂ ಏರಿಸಬೇಡಿ. ಸ್ಟೀರಿಂಗ್ ತಿರುಗಿಸುವಾಗ ಹಿಂದಿನಿಂದ ಗುರುಗುಟ್ಟುವ ಸದ್ದು ಬರುತ್ತಿದ್ದರೆ ಆ ಬೇರಿಂಗಿಗೆ ಆಗಲೇ ನೀರು ತಾಗಿರಬಹುದು. ಡ್ರೈವ್ ಕಳಚಿ ಬೆಲೋಸಿನೊಳಗೆ ಇಣುಕಿ: ಕೆಂಪು ತುಕ್ಕುನೀರಿದ್ದರೆ ಬೆಲೋಸ್ ತೂತು, ಗೇರ್ ಎಣ್ಣೆಯಿದ್ದರೆ ಡ್ರೈವಿನ ಇನ್‌ಪುಟ್ ಶಾಫ್ಟಿನ ಸೀಲು ಹೋಗಿದೆ. ಮೇಲಿಂದ ಸಿಲಿಕೋನ್ ಮೆತ್ತುವವರನ್ನು ಮಾತ್ರ ನಾನು ಗ್ಯಾರೇಜಿನೊಳಗೆ ಬಿಡುವುದಿಲ್ಲ. ಬಗ್ಗುವ ರಬ್ಬರಿನ ಮೇಲೆ ಅದು ನಿಲ್ಲದು, ಆಮೇಲೆ ನಿಜವಾದ ಜಾಗ ಹುಡುಕುವವನಿಗೆ ಕಣ್ಣಿಗೆ ಮಣ್ಣು.

ಎರಡನೆಯ ಕಾಯಿಲೆ ಗೇರ್ ಎಣ್ಣೆಯದು. ಒಳಗೆ ನೀರು ಬೆರೆತು ತಿರುಗಿದ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಬೋಟು ದಿನವಿಡೀ ನಿಂತಿದ್ದರೆ ನೀರು ಬೇರೆಯಾಗಿ ಕೆಳಗಿಳಿದಿರುತ್ತದೆ, ಕೆಳಗಿನ ಸ್ಕ್ರೂ ತುಸು ಸಡಿಲಿಸಿದರೆ ಎಣ್ಣೆಗಿಂತ ಮೊದಲು ಅದೇ ಬರುತ್ತದೆ. ಮೊದಲ ಅನುಮಾನ ಅಗ್ಗದ ವಸ್ತುವಿನ ಮೇಲಿರಲಿ: ಎಣ್ಣೆ ತುಂಬುವ, ಗಾಳಿ ಬಿಡುವ ಸ್ಕ್ರೂಗಳ ವಾಷರ್. ಎಣ್ಣೆ ಬದಲಿಸಿದಾಗಲೆಲ್ಲ ಅವೂ ಹೊಸದಾಗಬೇಕು. ಎರಡನೆಯದು ಪ್ರೊಪೆಲ್ಲರ್ ಶಾಫ್ಟಿನ ಸೀಲು. ಪ್ರೊಪೆಲ್ಲರ್ ಬಿಚ್ಚಿದರೆ ಸುತ್ತಿಕೊಂಡ ಗಾಳದ ದಾರ ಸಿಕ್ಕೀತು; ನೈಲಾನ್ ದಾರ ಸೀಲಿನ ತುಟಿಯನ್ನು ಕತ್ತರಿಸಿಬಿಡುತ್ತದೆ.

ಅಲ್ಲೂ ಸಿಗದಿದ್ದರೆ ಎಣ್ಣೆ ಖಾಲಿ ಮಾಡಿ ಡ್ರೈವಿಗೆ ಗಾಳಿ ತುಂಬಬೇಕು, ಸುಮಾರು 10ರಿಂದ 12 ಪಿಎಸ್‌ಐ. ಹೆಚ್ಚು ತುಂಬಿದರೆ ಒಳ್ಳೆಯ ಸೀಲೂ ಕಿತ್ತು ಬಂದೀತು. ಶಾಫ್ಟುಗಳನ್ನು ಕೈಯಲ್ಲಿ ತಿರುಗಿಸುತ್ತ ಸೋಪುನೀರು ಸವರಿದರೆ ಗುಳ್ಳೆ ಏಳುವ ಜಾಗ ಕಾಣುತ್ತದೆ. ಅನೇಕರು ಇಷ್ಟಕ್ಕೇ ನಿಲ್ಲುತ್ತಾರೆ, ಸೀಲಿನ ಕೆಲಸ ಮಾಡಿದವನಿಗೆ ಅದು ಸಾಲದು. ತುಟಿಯುಳ್ಳ ಸೀಲಿಗೆ ದಿಕ್ಕಿದೆ. ಒಂದು ಕಡೆಯ ಒತ್ತಡ ತುಟಿಯನ್ನು ಶಾಫ್ಟಿಗೆ ಒತ್ತಿ ಹಿಡಿಸುತ್ತದೆ, ಇನ್ನೊಂದು ಕಡೆಯದು ಎತ್ತುತ್ತದೆ. ಒಳಗಿನ ಗಾಳಿಯನ್ನು ತಡೆದ ಸೀಲು ಹೊರಗಿನ ನೀರನ್ನು ಒಳಬಿಡಬಹುದು. ಬಿಸಿ ಡ್ರೈವು ಕೆರೆಯ ನೀರಲ್ಲಿ ತಣ್ಣಗಾಗುವಾಗ ಒಳಗಿನ ಒತ್ತಡ ಇಳಿದು ನೀರನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಕೈಪಂಪಿನಿಂದ ನಿರ್ವಾತ ಕೊಟ್ಟು, ಮುಳ್ಳು ಕದಲದೆ ನಿಲ್ಲುತ್ತದೆಯೇ ಎಂದು ನೋಡುವುದೂ ಆಗಬೇಕು.

ಇದನ್ನೆಲ್ಲ ಅಕ್ಟೋಬರಿನಲ್ಲಿ ಬೋಟು ಮೇಲೆತ್ತಿದ ಕೂಡಲೇ ಮಾಡಬೇಕು, ಏಪ್ರಿಲ್‌ಗೆ ತಳ್ಳಬಾರದು. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಡ್ರೈವಿನ ತಳದಲ್ಲಿ ನಿಂತ ನೀರು ಮಿನ್ನೆಸೋಟಾದ ಜನವರಿಯಲ್ಲಿ ಅಲ್ಯೂಮಿನಿಯಂ ಕವಚವನ್ನೇ ಸೀಳುತ್ತದೆ. ಸೀಲು ಬದಲಿಸಲು ಈಗ ಪುರುಸೊತ್ತಿಲ್ಲವೇ? ಆ ಎಣ್ಣೆಯನ್ನಾದರೂ ಪೂರ್ತಿ ಇಳಿಸಿ ಹೊಸದು ತುಂಬಿ, ಡ್ರೈವನ್ನು ಕೆಳಗಿಳಿಸಿ ಇಡಿ. ಹಾಗಿಟ್ಟರೆ ಒಳಗೆ ನೀರು ನಿಲ್ಲದು, ಬೆಲೋಸೂ ಚಳಿಗಾಲವಿಡೀ ಹಿಗ್ಗಿಕೊಂಡಿರುವುದಿಲ್ಲ. ಸೀಲು ಮೇ ತಿಂಗಳಿಗೆ ಮುಂಚೆ ಆದರೆ ಸಾಕು.