ಒಂದೇ ದಿನದ ಮಡಿಲಲ್ಲಿ: ಫೆಬ್ರುವರಿ 12

ಗೋಡೆಯ ಮೇಲೆ ತೂಗುವ ದಿನದರ್ಶಿಕೆಯಲ್ಲಿ ಎಲ್ಲ ದಿನಗಳಿಗೂ ಒಂದೇ ಅಳತೆಯ ಮನೆ. ಆ ಪುಟ್ಟ ಚೌಕದೊಳಗೆ ಹಬ್ಬ, ಹುಣ್ಣಿಮೆ, ಅಮಾವಾಸ್ಯೆ, ಜಯಂತಿಗಳು ಬಂದು ಕುಳಿತಾಗ ಮಾತ್ರ ಒಂದು ದಿನ ನಮ್ಮ ಕಣ್ಣಿಗೆ ಬೇರೆಯಾಗಿ ತೋರುತ್ತದೆ. ಉಳಿದವು ಬರಿಯ ಅಂಕಿಗಳು. ಆದರೆ ಯಾವುದೇ ಒಂದು ಅಂಕಿಯನ್ನು ಹಿಡಿದು ಇತಿಹಾಸದ ಆಳಕ್ಕೆ ಇಳಿದರೆ, ಆ ಚಿಕ್ಕ ಮನೆಯೊಳಗೆ ಎಷ್ಟೊಂದು ಜನನ, ಮರಣ, ಸೋಲು, ಗೆಲುವುಗಳು ನೆರೆದಿವೆಯೆಂದು ಕಂಡು ಮನಸ್ಸು ಬೆರಗಾಗುತ್ತದೆ.

ಈ ವಿಚಾರವನ್ನು ಎತ್ತಿಕೊಳ್ಳಲು ಒಂದು ಕಾರಣವುಂಟು. ಮಗು ಹುಟ್ಟಿದ ಮನೆಗಳಲ್ಲಿ ಇಂದಿಗೂ ಮೊದಲು ಏಳುವ ಪ್ರಶ್ನೆ, "ದಿನ ಒಳ್ಳೆಯದೋ, ಕೆಟ್ಟದ್ದೋ?" ಎಂಬುದೇ ಆಗಿದೆ. ಉತ್ತರ ಕೆಟ್ಟದ್ದೆಂದು ಬಂದರೆ, ಏನೂ ಅರಿಯದ ಆ ಹಸುಳೆಯ ಮೇಲೆ ಹೆತ್ತವರ ಅಂಜಿಕೆಯ ನೆರಳು ವರ್ಷಗಟ್ಟಲೆ ಬಿದ್ದಿರುತ್ತದೆ. ಮನೆಯಲ್ಲಿ ಯಾರಿಗೆ ಜ್ವರ ಬಂದರೂ, ವ್ಯಾಪಾರದಲ್ಲಿ ನಷ್ಟವಾದರೂ ಬೆರಳು ಆ ಕೂಸಿನ ಕಡೆಗೇ ತಿರುಗುತ್ತದೆ. ದಿನಕ್ಕೆ ಅಂಥ ಬಲವುಂಟೆ? ಫೆಬ್ರುವರಿ 12 ಎಂಬ ಒಂದೇ ದಿನವನ್ನು ಮುಂದಿಟ್ಟುಕೊಂಡು ನೋಡೋಣ.

ಎರಡು ತೊಟ್ಟಿಲುಗಳು

ಕ್ರಿ.ಶ. 1809ರ ಫೆಬ್ರುವರಿ 12. ಅಮೇರಿಕೆಯ ಕೆಂಟಕಿ ಸೀಮೆಯಲ್ಲಿ, ಮರದ ದಿಮ್ಮಿಗಳನ್ನು ಜೋಡಿಸಿ ಕಟ್ಟಿದ ಒಂದೇ ಕೋಣೆಯ ಗುಡಿಸಲಿನಲ್ಲಿ ಒಬ್ಬ ಬಡ ರೈತನಿಗೆ ಗಂಡುಮಗು ಜನಿಸಿತು. ಅದೇ ದಿನ, ಸಾಗರದ ಆಚೆ ದಡದಲ್ಲಿ, ಇಂಗ್ಲೆಂಡಿನ ಶ್ರೂಸ್‌ಬರಿ ಪಟ್ಟಣದ ದೊಡ್ಡ ಮನೆಯೊಂದರಲ್ಲಿ ಸಿರಿವಂತ ವೈದ್ಯನಿಗೂ ಗಂಡುಮಗು ಜನಿಸಿತು. ಮೊದಲನೆಯವನು ಅಬ್ರಹಾಂ ಲಿಂಕನ್. ಎರಡನೆಯವನು ಚಾರ್ಲ್ಸ್ ಡಾರ್ವಿನ್.

ಸೂರ್ಯ, ಗುರು, ಶನಿಗಳು ಇದ್ದ ರಾಶಿ ಇಬ್ಬರಿಗೂ ಒಂದೇ. ಬಾಳಿನ ದಾರಿ ಮಾತ್ರ ಬೇರೆ ಬೇರೆ. ಲಿಂಕನ್ ಶಾಲೆಯಲ್ಲಿ ಕಳೆದ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷ ತುಂಬದು. ಕೊಡಲಿ ಹಿಡಿದು ಮರ ಸೀಳುತ್ತ, ಎರವಲು ತಂದ ಪುಸ್ತಕಗಳನ್ನು ಓದುತ್ತ, ವಕೀಲನಾಗಿ, 1861ರಲ್ಲಿ ಆ ದೇಶದ ಹದಿನಾರನೆಯ ಅಧ್ಯಕ್ಷನಾದನು. ಡಾರ್ವಿನ್ನನಿಗೆ ವಿದ್ಯೆಯ ಅನುಕೂಲಗಳಿಗೆ ಕೊರತೆಯಿರಲಿಲ್ಲ. ತಂದೆಯ ಇಚ್ಛೆಯಂತೆ ಎಡಿನ್‌ಬರೋದಲ್ಲಿ ವೈದ್ಯ ಕಲಿಯಹೋಗಿ ಬಿಟ್ಟನು. ಕೇಂಬ್ರಿಜ್‌ನಲ್ಲಿ ಪಾದ್ರಿಯಾಗಲು ಓದಿದನು. ಕಡೆಗೆ 1831ರ ಡಿಸೆಂಬರಿನಲ್ಲಿ 'ಬೀಗಲ್' ಎಂಬ ಹಡಗನ್ನೇರಿ ಸುಮಾರು ಐದು ವರ್ಷ ಭೂಮಂಡಲವನ್ನು ಸುತ್ತಿ ಬಂದನು. ಆ ಪಯಣದಲ್ಲಿ ಕಂಡುದನ್ನು ಇಪ್ಪತ್ತಕ್ಕೂ ಹೆಚ್ಚು ವರ್ಷ ಮನನಮಾಡಿ, 1859ರ ನವೆಂಬರಿನಲ್ಲಿ ಜೀವಜಾತಿಗಳ ಉಗಮವನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು.

ಇಬ್ಬರಿಗೂ ಸಮಾನವಾಗಿದ್ದ ಕೆಲವು ಸಂಗತಿಗಳೂ ಉಂಟು. ಡಾರ್ವಿನ್ ಎಂಟರ ಪ್ರಾಯದಲ್ಲಿ, ಲಿಂಕನ್ ಒಂಬತ್ತರ ಪ್ರಾಯದಲ್ಲಿ ತಾಯಿಯನ್ನು ಕಳೆದುಕೊಂಡರು. ಮನುಷ್ಯನನ್ನು ಮನುಷ್ಯನು ಕೊಂಡು ಮಾರುವ ಗುಲಾಮಗಿರಿಯನ್ನು ಇಬ್ಬರೂ ಮನಸಾರೆ ಹೇಸಿದರು. ಬ್ರೆಜಿಲ್ ದೇಶದಲ್ಲಿ ಗುಲಾಮರ ಪಾಡನ್ನು ಕಂಡ ಡಾರ್ವಿನ್, ಈ ವಿಷಯವಾಗಿ ತನ್ನ ಹಡಗಿನ ನಾಯಕನೊಡನೆಯೇ ಜಗಳವಾಡಿದನು. ಲಿಂಕನ್ 1863ರ ಜನವರಿ 1ರಂದು ಬಿಡುಗಡೆಯ ಘೋಷಣೆಯನ್ನು ಹೊರಡಿಸಿದನು. 1865ರ ಏಪ್ರಿಲ್ ತಿಂಗಳಲ್ಲಿ ಗುಂಡೇಟಿಗೆ ಬಲಿಯಾದನು. ಅದೇ ವರ್ಷದ ಡಿಸೆಂಬರಿನಲ್ಲಿ ಸಂವಿಧಾನದ ತಿದ್ದುಪಡಿಯ ಮೂಲಕ ಗುಲಾಮಗಿರಿ ಆ ದೇಶದಿಂದ ಅಳಿಯಿತು. ಡಾರ್ವಿನ್ನನೋ ತುಂಬು ಬಾಳನ್ನು ಬಾಳಿ 1882ರಲ್ಲಿ ತೀರಿಕೊಂಡನು. ಜನ್ಮದಿನ ಒಂದು; ಮನೆ ಬೇರೆ, ವಿದ್ಯೆ ಬೇರೆ, ಮರಣದ ರೀತಿ ಬೇರೆ. ಹಾಗಾದರೆ ಇವರನ್ನು ದೊಡ್ಡವರನ್ನಾಗಿಸಿದ್ದು ದಿನವೆ? ಒಬ್ಬನ ಛಲ, ಇನ್ನೊಬ್ಬನ ತಾಳ್ಮೆ ಎಂದರಷ್ಟೆ ಸತ್ಯಕ್ಕೆ ಹತ್ತಿರವಾದೀತು.

ತಾರೀಖು ಮತ್ತು ತಿಥಿ

ಇನ್ನು ನಮ್ಮ ನಾಡಿಗೆ ಬರೋಣ. ಗುಜರಾತಿನ ಕಾಠಿಯಾವಾಡದಲ್ಲಿ, ಮೋರ್ಬಿ ಸಂಸ್ಥಾನಕ್ಕೆ ಸೇರಿದ್ದ ಟಂಕಾರಾ ಎಂಬ ಊರಿನ ಶಿವಭಕ್ತ ಮನೆತನದಲ್ಲಿ, 1824ರ ಫೆಬ್ರುವರಿ 12ರಂದು ಮೂಲಶಂಕರನೆಂಬ ಮಗು ಹುಟ್ಟಿತು. ಮುಂದೆ ಆರ್ಯಸಮಾಜವನ್ನು ಸ್ಥಾಪಿಸಿದ ಸ್ವಾಮಿ ದಯಾನಂದ ಸರಸ್ವತಿಗಳು ಇವರೇ. ಸುಮಾರು ಹದಿನಾಲ್ಕರ ಹರೆಯದಲ್ಲಿ ಶಿವರಾತ್ರಿಯ ಜಾಗರಣೆ ಮಾಡುತ್ತಿದ್ದಾಗ, ಗುಡಿಯಲ್ಲಿ ಇಲಿಗಳು ಓಡಾಡಿ ನೈವೇದ್ಯವನ್ನು ತಿನ್ನುವುದನ್ನು ಕಂಡು, ನಿಜವಾದ ಶಿವನೆಲ್ಲಿ ಎಂಬ ಪ್ರಶ್ನೆ ಆ ಬಾಲಕನಲ್ಲಿ ಎದ್ದಿತು. ಹಿರಿಯರೆಲ್ಲ ನಿದ್ರೆಹೋಗಿದ್ದರು, ಎಚ್ಚರವಿದ್ದವನು ಹುಡುಗನೊಬ್ಬನೇ. ಆ ಎಚ್ಚರವೇ ಅವನನ್ನು ಮನೆ ಬಿಡಿಸಿತು, ಮಥುರೆಯಲ್ಲಿ ಅಂಧ ಗುರುಗಳಾದ ವಿರಜಾನಂದರ ಪಾದದ ಬಳಿಗೆ ಒಯ್ದಿತು. 1875ರಲ್ಲಿ ಮುಂಬಯಿಯಲ್ಲಿ ಆರ್ಯಸಮಾಜವನ್ನು ಸ್ಥಾಪಿಸಿದ ಅವರು ಬಾಲ್ಯವಿವಾಹವನ್ನೂ ಹುಟ್ಟಿನಿಂದ ಬರುವ ಮೇಲುಕೀಳನ್ನೂ ವಿರೋಧಿಸಿ, ಹೆಣ್ಣುಮಕ್ಕಳ ವಿದ್ಯೆಯ ಪರವಾಗಿ ನಿಂತರು.

ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬೇಕು. ದಯಾನಂದರು ಹುಟ್ಟಿದ ತಿಥಿ ನಮ್ಮ ಪಂಚಾಂಗದ ಮಾಘ ಬಹುಳ ದಶಮಿ. ಉತ್ತರದವರು ಹುಣ್ಣಿಮೆಗೆ ಮಾಸವನ್ನು ಮುಗಿಸುವುದರಿಂದ ಅದೇ ತಿಥಿಯನ್ನು ಫಾಲ್ಗುಣ ಕೃಷ್ಣ ದಶಮಿ ಎನ್ನುತ್ತಾರೆ. ಅಂದರೆ ಮಹಾಶಿವರಾತ್ರಿಗೆ ನಾಲ್ಕು ತಿಥಿ ಮೊದಲು. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನಗಳು. ಸೌರವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಈ ಅಂತರವನ್ನು ತುಂಬಲೆಂದೇ ಹೆಚ್ಚು ಕಡಿಮೆ ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಅಧಿಕಮಾಸ ಬರುತ್ತದೆ. ಆದಕಾರಣ ತಿಥಿಯೂ ತಾರೀಖೂ ವರ್ಷ ವರ್ಷವೂ ಕೂಡಿ ನಡೆಯುವುದಿಲ್ಲ. 2023ರಲ್ಲಿ ಅವರ ಇನ್ನೂರನೆಯ ಜಯಂತಿಯ ವರ್ಷಾಚರಣೆ ದೆಹಲಿಯಲ್ಲಿ ಫೆಬ್ರುವರಿ 12ರಂದೇ ಆರಂಭವಾಯಿತು. ಆದರೆ ಆ ವರ್ಷ ತಿಥಿ ಬಂದದ್ದು ಮೂರು ದಿನಗಳ ಅನಂತರ. ಒಬ್ಬರೇ ಮಹಾತ್ಮರಿಗೆ ಎರಡು ಜನ್ಮದಿನಗಳು! ಎರಡರಲ್ಲಿ ಯಾವುದು ಶುಭ, ಯಾವುದು ಅಶುಭವೆಂದು ಹೇಳುವವರಾರು? ಲೆಕ್ಕಹಾಕುವ ಬಗೆ ಬದಲಾದರೆ ದಿನವೇ ಬದಲಾಗುವುದು. ಬದಲಾಗದೆ ಉಳಿಯುವುದು ಆ ದಿನ ಬಂದ ಜೀವ ಮಾಡಿದ ಕಾಯಕ.

ಬಾರ್ಡೋಲಿಯ ಎರಡು ಮುಖಗಳು

ಇದೇ ದಿನಕ್ಕೆ ನಮ್ಮ ಸ್ವಾತಂತ್ರ್ಯಸಂಗ್ರಾಮದಲ್ಲಿ ದೊಡ್ಡ ಸ್ಥಾನವಿದೆ. 1922ರ ಫೆಬ್ರುವರಿಯ ಮೊದಲ ವಾರದಲ್ಲಿ ಸಂಯುಕ್ತ ಪ್ರಾಂತದ ಚೌರಿಚೌರಾ ಎಂಬಲ್ಲಿ ಉದ್ರಿಕ್ತರಾದ ಜನ ಪೊಲೀಸು ಠಾಣೆಗೆ ಬೆಂಕಿಯಿಟ್ಟರು. ಇಪ್ಪತ್ತಕ್ಕೂ ಹೆಚ್ಚು ಪೊಲೀಸರು ಪ್ರಾಣ ಕಳೆದುಕೊಂಡರು. ಅಸಹಕಾರ ಚಳವಳಿ ಆಗ ದೇಶದ ತುಂಬ ಉಕ್ಕಿ ಹರಿಯುತ್ತಿತ್ತು. ಆದರೂ ಗಾಂಧೀಜಿಯವರ ಮಾತಿನಂತೆ ಗುಜರಾತಿನ ಬಾರ್ಡೋಲಿಯಲ್ಲಿ ಸೇರಿದ ಕಾಂಗ್ರೆಸ್ ಕಾರ್ಯಸಮಿತಿ ಫೆಬ್ರುವರಿ 12ರಂದು ಚಳವಳಿಯನ್ನು ನಿಲ್ಲಿಸಿತು. ಅಂದೇ ಗಾಂಧೀಜಿ ಐದು ದಿನಗಳ ಉಪವಾಸವನ್ನು ಕೈಗೊಂಡರು. ಸೆರೆಮನೆಯಲ್ಲಿದ್ದ ನಾಯಕರು ನೊಂದರು, ತರುಣರು ಕೆರಳಿದರು. ಗೆಲುವು ಕೈಗೆಟುಕುವಂತಿರುವಾಗ ಹಿಂದೆ ಸರಿಯುವುದೆ ಎಂಬುದು ಅವರ ಅಳಲು. ಗಾಂಧೀಜಿಗಾದರೋ ದಾರಿ ಕೆಟ್ಟರೆ ಗುರಿಯೂ ಕೆಟ್ಟಂತೆ. ಮರುತಿಂಗಳು ಅವರ ಬಂಧನವಾಗಿ, ಆರು ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು.

ಅಂದು ಬಾರ್ಡೋಲಿ ಎಂದರೆ ಸೋಲಿನ ಹೆಸರು. ಆರು ವರ್ಷಗಳು ಉರುಳಿದವು. ಸರಕಾರ ಆ ತಾಲ್ಲೂಕಿನ ಭೂಕಂದಾಯವನ್ನು ಶೇಕಡಾ 22ರಷ್ಟು ಏರಿಸಿತು. 1928ರ ಫೆಬ್ರುವರಿ 12ರಂದು ಅದೇ ಬಾರ್ಡೋಲಿಯಲ್ಲಿ ವಲ್ಲಭಭಾಯಿ ಪಟೇಲರ ನೇತೃತ್ವದಲ್ಲಿ ರೈತರು ಏರಿಸಿದ ಕಂದಾಯವನ್ನು ಕೊಡೆವೆಂದು ಸತ್ಯಾಗ್ರಹ ಹೂಡಿದರು. ಜಪ್ತಿಯವರು ಎಮ್ಮೆಗಳನ್ನು ಎಳೆದೊಯ್ದರು. ಹೊಲಗಳನ್ನು ಹರಾಜಿಗೆ ಹಾಕಿದರು. ಹೆಣ್ಣುಮಕ್ಕಳು ಗಂಡಸರಿಗೆ ಸರಿಸಮನಾಗಿ ನಿಂತರು. ಯಾರೂ ಕೈಯೆತ್ತಲಿಲ್ಲ, ಕಲ್ಲೆಸೆಯಲಿಲ್ಲ. ಆಗಸ್ಟಿನ ಹೊತ್ತಿಗೆ ಸರಕಾರ ಮಣಿಯಿತು. ವಿಚಾರಣೆ ನಡೆದು ಏರಿಕೆ ಶೇಕಡಾ ಆರರ ಆಸುಪಾಸಿಗೆ ಇಳಿಯಿತು. ಪಟೇಲರಿಗೆ 'ಸರದಾರ'ರೆಂಬ ಹೆಸರು ದೇಶದ ತುಂಬ ನಿಂತದ್ದು ಈ ಹೋರಾಟದಿಂದಲೇ.

ಊರು ಅದೇ, ತಾರೀಖೂ ಅದೇ. ಒಮ್ಮೆ ಹಿಂದಕ್ಕಿಟ್ಟ ಹೆಜ್ಜೆ, ಇನ್ನೊಮ್ಮೆ ಮುಂದಕ್ಕಿಟ್ಟ ಹೆಜ್ಜೆ. 1922ರಲ್ಲಿ ಸಂಯಮದ ಪಾಠ ಕಲಿಯದಿದ್ದರೆ 1928ರಲ್ಲಿ ಆ ಶಾಂತಿಯ ಗೆಲುವು ಸಾಧ್ಯವಾಗುತ್ತಿತ್ತೆ ಎಂದು ನಾವು ಕೇಳಿಕೊಳ್ಳಬೇಕು. ಸೋತ ದಿನವನ್ನು ಕೆಟ್ಟ ದಿನವೆಂದು ತಳ್ಳಿಹಾಕುವವರು ಈ ಎರಡು ದಿನಗಳನ್ನು ಒಟ್ಟಿಗೆ ಇಟ್ಟು ನೋಡುವುದು ಒಳ್ಳೆಯದು.

ಸಂಗಮದಲ್ಲಿ ಕರಗಿದ ದಿನ

ಇದೇ ತಾರೀಖು ಗಾಂಧೀಜಿಯವರ ಕಡೆಯ ಪಯಣಕ್ಕೂ ಒದಗಿತು. 1948ರ ಜನವರಿ 30ರಂದು ಅವರ ಹತ್ಯೆಯಾಯಿತು. ಮರುದಿನ ಅಂತ್ಯಕ್ರಿಯೆ ನಡೆಯಿತು. ಆ ದಿನದಿಂದ ಎಣಿಸಿ ಹದಿಮೂರನೆಯ ದಿನ, ಫೆಬ್ರುವರಿ 12ರಂದು, ಚಿತಾಭಸ್ಮವನ್ನು ಪ್ರಯಾಗದ ತ್ರಿವೇಣಿ ಸಂಗಮದಲ್ಲಿ ವಿಸರ್ಜಿಸಲಾಯಿತು. ದೆಹಲಿಯಿಂದ ಭಸ್ಮದ ಕಲಶವನ್ನು ತಂದದ್ದು, ಅವರು ಬದುಕಿನುದ್ದಕ್ಕೂ ಪ್ರಯಾಣಿಸಿದ ಮೂರನೆಯ ದರ್ಜೆಯ ಗಾಡಿಯಲ್ಲಿಯೇ. ದಾರಿಯುದ್ದಕ್ಕೂ ನಿಲ್ದಾಣಗಳಲ್ಲಿ ಜನ ಕಣ್ಣೀರಿಡುತ್ತ ನಿಂತಿದ್ದರು.

ಸರಿಯಾಗಿ ಒಂದು ವರ್ಷದ ಬಳಿಕ, 1949ರ ಫೆಬ್ರುವರಿ 12ರಂದು, ನಮ್ಮ ಭದ್ರಾವತಿಯಲ್ಲಿ ಜಿ. ಆರ್. ವಿಶ್ವನಾಥರ ಜನನವಾಯಿತು. ಕ್ರಿಕೆಟ್ ಆಟದ ಗಂಧವಿಲ್ಲದ ಮನೆಗಳಲ್ಲಿಯೂ ಒಂದು ಕಾಲಕ್ಕೆ ಪರಿಚಿತವಾಗಿದ್ದ ಹೆಸರಿದು. 1969ರಲ್ಲಿ ಕಾನ್ಪುರದಲ್ಲಿ ಆಡಿದ ತಮ್ಮ ಮೊದಲ ಟೆಸ್ಟ್ ಪಂದ್ಯದಲ್ಲಿ, ಮೊದಲ ಸರದಿಯಲ್ಲಿ ಸೊನ್ನೆಗೆ ಔಟಾದ ಅವರು ಎರಡನೆಯ ಸರದಿಯಲ್ಲಿ 137 ಓಟಗಳನ್ನು ಗಳಿಸಿದರು. ಆದರೆ ನಾವು ಮಕ್ಕಳಿಗೆ ಹೇಳಬೇಕಾದ ಕಥೆ ಇನ್ನೊಂದು. 1980ರ ಫೆಬ್ರುವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ವಿರುದ್ಧ ಅವರು ತಂಡದ ನಾಯಕರಾಗಿದ್ದಾಗ, ಎದುರಾಳಿಗಳಾದ ಬಾಬ್ ಟೇಲರ್ ಔಟೆಂದು ತೀರ್ಪುಗಾರರು ಬೆರಳೆತ್ತಿದರು. ಚೆಂಡು ದಾಂಡಿಗೆ ತಗುಲಿಲ್ಲವೆಂದು ಅರಿತ ವಿಶ್ವನಾಥರು ಅವರನ್ನು ಮರಳಿ ಆಡಲು ಕರೆದರು. ಟೇಲರ್ ನೆಲೆನಿಂತು ಆಡಿದರು. ಭಾರತ ಪಂದ್ಯವನ್ನು ಸೋತಿತು. ಆ ಸೋಲನ್ನು ಇಂದಿಗೂ ಜನ ಗೌರವದಿಂದ ನೆನೆಯುತ್ತಾರೆ. ಗೆದ್ದ ಪಂದ್ಯಗಳೆಷ್ಟೋ ಮರೆತುಹೋಗಿವೆ.

ಮನುಷ್ಯರು ಆರಿಸಿಕೊಂಡ ದಿನ

ಇವೆಲ್ಲ ತಾನಾಗಿ ಕೂಡಿಬಂದವು. ಬೇಕೆಂದೇ ಆರಿಸಿಕೊಂಡ ದಿನಗಳೂ ಇವೆ. ಲಿಂಕನ್ ಹುಟ್ಟಿ ನೂರು ವರ್ಷ ತುಂಬಿದ 1909ರ ಫೆಬ್ರುವರಿ 12ನ್ನೇ ಅಮೇರಿಕೆಯ ಕರಿಯ ಜನರ ಹಕ್ಕುಗಳಿಗಾಗಿ ದುಡಿಯುವ ರಾಷ್ಟ್ರೀಯ ಸಂಘ ತನ್ನ ಸ್ಥಾಪನೆಯ ದಿನವಾಗಿ ಹಿಡಿದಿದೆ. ದಕ್ಷಿಣ ಅಮೇರಿಕೆಯ ಚಿಲಿ ದೇಶದವರು 1817ರ ಈ ದಿನ ಚಕಬೂಕೋ ಎಂಬಲ್ಲಿ ಸ್ಪೇನಿನ ಪಡೆಯನ್ನು ಗೆದ್ದು, ಮರುವರ್ಷ ಅದೇ ದಿನ ಸ್ವಾತಂತ್ರ್ಯವನ್ನು ಸಾರಿದರು. ಚೀನದಲ್ಲಿ 1912ರ ಫೆಬ್ರುವರಿ 12ರಂದು, ಆರು ವರ್ಷದ ಬಾಲಕ ಚಕ್ರವರ್ತಿ ಪೂಯಿಯ ಹೆಸರಿನಲ್ಲಿ ರಾಜಮಾತೆ ಸಿಂಹಾಸನತ್ಯಾಗದ ಪತ್ರವನ್ನು ಹೊರಡಿಸಿದಳು. ಎರಡು ಸಾವಿರ ವರ್ಷಗಳಿಗೂ ಮೀರಿದ ಚಕ್ರಾಧಿಪತ್ಯ ಅಂದಿಗೆ ಮುಗಿಯಿತು. ಅರಮನೆಗೆ ಅದು ಕರಾಳ ದಿನ, ಗಣರಾಜ್ಯವಾದಿಗಳಿಗೆ ಹಬ್ಬ. ದಿನ ಒಂದೇ, ನೋಡುವ ಕಣ್ಣು ಎರಡು.

ಕೂಡಿಬರುವುದರಲ್ಲಿ ಪವಾಡವೇನೂ ಇಲ್ಲವೆಂಬುದನ್ನೂ ಅರಿಯಬೇಕು. ಇಪ್ಪತ್ತಮೂರು ಜನ ಒಂದೆಡೆ ಸೇರಿದರೆ, ಅವರಲ್ಲಿ ಇಬ್ಬರ ಜನ್ಮದಿನ ಒಂದೇ ಆಗಿರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚೆಂದು ಗಣಿತಜ್ಞರು ಲೆಕ್ಕಮಾಡಿ ತೋರಿಸಿದ್ದಾರೆ. ಮಕ್ಕಳು ತಮ್ಮ ತರಗತಿಯಲ್ಲಿ ಇದನ್ನು ಪರೀಕ್ಷಿಸಿ ನೋಡಬಹುದು. ಜಗತ್ತಿನ ಜನಸಂಖ್ಯೆ 800 ಕೋಟಿಯನ್ನು ದಾಟಿದೆ. ಅದನ್ನು ವರ್ಷದ ದಿನಗಳಿಗೆ ಹಂಚಿದರೆ, ಒಂದೊಂದು ತಾರೀಖಿಗೂ ಎರಡು ಕೋಟಿಗೂ ಮೇಲ್ಪಟ್ಟು ಜನ. ಫೆಬ್ರುವರಿ 12ರಂದು ಹುಟ್ಟಿದ ಈ ಕೋಟಿಗಟ್ಟಲೆ ಜನರಲ್ಲಿ ರೈತರು, ನೇಕಾರರು, ಶಿಕ್ಷಕಿಯರು, ದಾದಿಯರು ಎಲ್ಲರೂ ಇದ್ದಾರೆ. ಅವರ ಬಾಳು ಒಬ್ಬರಂತೆ ಒಬ್ಬರದಿಲ್ಲ.

ಒಳ್ಳೆಯ ದಿನ, ಕೆಟ್ಟ ದಿನವೆಂಬ ಅಂಜಿಕೆಯನ್ನು ನಮ್ಮ ಶರಣರು ಎಂಟುನೂರು ವರ್ಷಗಳ ಹಿಂದೆಯೇ ತೊಡೆದುಹಾಕಿ, ಶಿವನನ್ನು ನೆನೆದ ಗಳಿಗೆಯೇ ಶುಭವೆಂದು ಬಾಳಿ ತೋರಿಸಿದರು. ಲೋಕದ ಇತಿಹಾಸವೂ ಅದನ್ನೇ ಹೇಳುತ್ತಿದೆ. ಆದಕಾರಣ ತಾಯಂದಿರಲ್ಲಿ, ಹಿರಿಯರಲ್ಲಿ ನಮ್ಮದೊಂದು ವಿನಂತಿ. ಮನೆಯ ಮಗುವಿನ ಜನ್ಮದಿನ ಬಂದಾಗ ಅದೇ ದಿನ ಹುಟ್ಟಿದ ಹಿರಿಯರಾರು, ಅಂದು ನಡೆದ ಒಳ್ಳೆಯ ಕಾರ್ಯಗಳಾವುವು ಎಂದು ಹುಡುಕಿ, ಮಗುವನ್ನು ಹತ್ತಿರ ಕೂರಿಸಿಕೊಂಡು ಹೇಳಿರಿ. ಯಾವ ತಾರೀಖನ್ನು ತೆಗೆದರೂ ಹೇಳಲು ಒಂದಲ್ಲ ಒಂದು ಕಥೆ ಸಿಗುತ್ತದೆ. ಗ್ರಹಗತಿಯ ಅಂಜಿಕೆಯನ್ನು ಹೊತ್ತು ಬೆಳೆಯುವ ಮಗುವಿಗಿಂತ, ಇಂಥ ಕಥೆಯನ್ನು ಕೇಳಿ ಬೆಳೆಯುವ ಮಗು ತನ್ನ ದಿನವನ್ನು ತಾನೇ ಬೆಳಗಿಸಿಕೊಳ್ಳುತ್ತದೆ.