ಅಯಸ್ಕಾಂತದಿಂದ ಯಂತ್ರಬುದ್ಧಿಗೆ

2024ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಿಕವು ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ಎಂಬ ವಿದ್ವಾಂಸರಿಗೆ ಸಂದಿತು. ಯಂತ್ರಕ್ಕೆ ಕಲಿಯುವ ಶಕ್ತಿಯನ್ನು ಕೊಟ್ಟವರಿಗೆ ಭೌತಶಾಸ್ತ್ರದ ಬಹುಮಾನವೇಕೆ ಎಂದು ಹಲವರು ಸೋಜಿಗಪಟ್ಟುದುಂಟು. ಯಂತ್ರಬುದ್ಧಿಯ ಬೇರುಗಳನ್ನು ನೋಡಿದರೆ ಆ ಸೋಜಿಗವು ಕಳೆಯುವುದು.

ಕಬ್ಬಿಣದ ತುಂಡಿನಲ್ಲಿ ಒಂದೊಂದು ಪರಮಾಣುವೂ ಒಂದು ಪುಟ್ಟ ಅಯಸ್ಕಾಂತ. ನೆರೆಯ ಪರಮಾಣುಗಳ ಪ್ರಭಾವಕ್ಕೆ ಒಳಗಾಗಿ ಅದು ಮೇಲಕ್ಕೋ ಕೆಳಕ್ಕೋ ತಿರುಗುವುದು. ಇಳಿಜಾರಿನ ನೀರು ತಗ್ಗನ್ನು ಸೇರಿ ನಿಲ್ಲುವಂತೆ, ಇವೆಲ್ಲವೂ ಒಟ್ಟು ಶಕ್ತಿಯು ಕಡಿಮೆಯಾಗುವ ಕಡೆಗೇ ಒಲಿಯುತ್ತವೆ. ಹಾಪ್‌ಫೀಲ್ಡರು 1982ರಲ್ಲಿ ಈ ಗಣಿತವನ್ನೇ ನೆನಪಿಗೆ ಅನ್ವಯಿಸಿದರು. ಅವರ ಜಾಲದಲ್ಲಿ ಪರಮಾಣುವಿನ ಸ್ಥಾನದಲ್ಲಿ ಕೃತಕ ನರಕೋಶ. ಕಲಿಸಿದ ಒಂದೊಂದು ಚಿತ್ರವೂ ಒಂದೊಂದು ತಗ್ಗು. ಮಸುಕಾದ ಚಿತ್ರವನ್ನು ಒಡ್ಡಿದರೆ ಜಾಲವು ಹಂತಹಂತವಾಗಿ ಸಮೀಪದ ತಗ್ಗಿಗೆ ಇಳಿದು ಪೂರ್ಣ ಚಿತ್ರವನ್ನು ಒಪ್ಪಿಸುವುದು. ಹಳೆಯ ಕಡತದಲ್ಲಿ ಎರಡಕ್ಷರ ಅಳಿಸಿಹೋದ ಹೆಸರನ್ನು ಗುಮಾಸ್ತನು ಸರಾಗವಾಗಿ ಓದುವಂತೆ.

ಜಾಲವು ಸಲ್ಲದ ತಗ್ಗಿನಲ್ಲಿ ಸಿಕ್ಕಿಕೊಂಡರೇನು ಗತಿ? ಇಲ್ಲಿ ನೆರವಾದುದು ಶಾಖದ ಶಾಸ್ತ್ರ. ಬಿಸಿ ಹೆಚ್ಚಿದಷ್ಟೂ ಅಣುಗಳು ಹೆಚ್ಚಿನ ಶಕ್ತಿಯ ಸ್ಥಿತಿಗೆ ಏರುವ ಸಂಭವವೂ ಹೆಚ್ಚೆಂಬುದು 19ನೆಯ ಶತಮಾನದಲ್ಲಿ ಆಸ್ಟ್ರಿಯದ ಬೋಲ್ಟ್ಸ್‌ಮನ್ ಹಾಕಿಕೊಟ್ಟ ಲೆಕ್ಕ. ಹಿಂಟನ್ನರು ಸಂಗಡಿಗರೊಡನೆ 1985ರಲ್ಲಿ ಪ್ರಕಟಿಸಿದ ಯಂತ್ರಕ್ಕೆ ಆತನದೇ ಹೆಸರು. ಕಾಯಿಸಿದ ಲೋಹವನ್ನು ಮೆಲ್ಲಮೆಲ್ಲನೆ ಆರಿಸುವಂತೆ ಈ ಜಾಲವನ್ನು ಗಣಿತದ ಬಿಸಿಯಲ್ಲಿ ಕುಲುಕಿ ತಣಿಸುವರು. ಅದು ಕಲಿತುದನ್ನು ಗುರುತಿಸುವುದಲ್ಲದೆ ಅದೇ ಬಗೆಯ ಹೊಸದನ್ನೂ ಹುಟ್ಟಿಸಬಲ್ಲುದು.

ಆದರೆ ಹಾಪ್‌ಫೀಲ್ಡ್ ಜಾಲಕ್ಕೊಂದು ಮಿತಿಯುಂಟು. 100 ಕೋಶಗಳಿಗೆ ಸುಮಾರು 14ಕ್ಕಿಂತ ಹೆಚ್ಚು ನೆನಪುಗಳನ್ನು ತುಂಬಿದರೆ ತಗ್ಗುಗಳು ಒಂದರಲ್ಲೊಂದು ಬೆರೆತು, ಯಾರೂ ಕಲಿಸದ ಚಿತ್ರವನ್ನೇ ಅದು ನೆನಪೆಂದು ಒಪ್ಪಿಸುವುದು. ಇಂದಿನ ಯಂತ್ರಗಳ ರಚನೆ ಬೇರೆ. ಆದರೂ ಅವು ಕೊಡುವುದು ಸಂಭವನೀಯವಾದುದನ್ನು, ಅದು ಸತ್ಯವೇ ಆಗಿರಬೇಕೆಂದಿಲ್ಲ. ಹಿಂಟನ್ನರೇ 2023ರಲ್ಲಿ ಗೂಗಲ್ ಸಂಸ್ಥೆಯನ್ನು ತೊರೆದು ಇದರ ಅಪಾಯಗಳನ್ನು ಬಹಿರಂಗವಾಗಿ ಸಾರತೊಡಗಿದರು.

ಊರು ಬಿಟ್ಟು ಬಂದು ಪತ್ರ ಬರೆದು, ಲೆಕ್ಕವಿಟ್ಟು, ಗಲ್ಲಾದಲ್ಲಿ ಕುಳಿತು ಅನ್ನ ಸಂಪಾದಿಸುವ ನಮ್ಮವರಿಗೆ ಇದು ದೂರದ ಮಾತಲ್ಲ. ಯಂತ್ರವು ಬರೆಯಲಿ, ಕೂಡಲಿ, ಕಳೆಯಲಿ. ತಪ್ಪಾದಾಗ ಉತ್ತರ ಹೇಳಬೇಕಾದವನು ರುಜು ಹಾಕಿದ ಮನುಷ್ಯನೇ. ಮೂಲ ಕಾಗದದೊಡನೆ ತಾಳೆ ನೋಡುವ ನಮ್ಮ ಹಳೆಯ ಅಭ್ಯಾಸಕ್ಕೆ ಈಗ ಬೆಲೆ ಹೆಚ್ಚಿದೆಯೇ ಹೊರತು ತಗ್ಗಿಲ್ಲ.